ಬಾಗಿಲ ಮುಂದೆ ಎಡವುವ ಹೆಸರುಗಳು

ಎರಡು ವಾರ ನಾನು ಆ ಹೆಸರುಗಳನ್ನ ತುಳಿದುಕೊಂಡೇ ಓಡಾಡಿದ್ದೆ.

ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಬರ್ಲಿನ್‌ನಲ್ಲಿದ್ದಾಗಿನ ಮಾತು. ಹಳೇ ಕಾಲದ ಐದು ಮಹಡಿಯ ಕಟ್ಟಡ, ಅದರ ಎರಡನೇ ಮಹಡಿಯಲ್ಲಿ ನನ್ನ ಬಾಡಿಗೆ ಮನೆ. ಬೆಳಿಗ್ಗೆ ಎಂಟಕ್ಕೆ ಬ್ಯಾಗ್ ಹೆಗಲಿಗೇರಿಸಿ, ಒಂದು ಕೈಲಿ ಕಾಫಿ, ಇನ್ನೊಂದು ಕೈಲಿ ಮೊಬೈಲ್ ಹಿಡಿದು ಟ್ರಾಮ್ ಸ್ಟಾಪಿಗೆ ಓಡೋದು. ಸಂಜೆ ಅದೇ ದಾರಿಯಲ್ಲಿ ವಾಪಸ್. ಕಟ್ಟಡದ ಮುಂಬಾಗಿಲ ಎದುರು, ಫುಟ್‌ಪಾತಿನ ಕಲ್ಲುಗಳ ನಡುವೆ ಅಂಗೈಯಗಲದ ನಾಲ್ಕು ಲೋಹದ ಚೌಕಗಳಿದ್ದವು. ನೀರಿನ ಪೈಪಿನದ್ದೋ ಗ್ಯಾಸ್ ಲೈನಿನದ್ದೋ ಗುರುತು ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ.

ನವೆಂಬರ್ 9ರ ಸಂಜೆ ಮನೆಗೆ ಬಂದಾಗ ಮೊದಲ ಮಹಡಿಯ ಅಜ್ಜಿ ಆ ಚೌಕಗಳ ಮುಂದೆ ಮಂಡಿಯೂರಿ ಕೂತಿದ್ದರು. ಕೈಲಿ ಬಟ್ಟೆ, ಪಕ್ಕದಲ್ಲಿ ಹಿತ್ತಾಳೆ ಪಾಲಿಶ್ ಡಬ್ಬಿ, ಗಾಜಿನ ಲೋಟದೊಳಗೆ ಒಂದು ಮೇಣದಬತ್ತಿ. ಕಪ್ಪಾಗಿದ್ದ ಚೌಕಗಳು ಈಗ ಹೊಳೀತಾ ಇದ್ದವು. ಬೀಗದ ಕೈಗಾಗಿ ಬ್ಯಾಗ್ ತಡಕಾಡುತ್ತಾ ನಿಂತ ನನ್ನ ಶೂ, ಕೊನೆಯ ಚೌಕದ ಮೇಲೇ ಇತ್ತು.

"ಇದನ್ನ ಯಾವತ್ತಾದರೂ ಓದಿದ್ದೀರಾ?" ಅಂತ ಅಜ್ಜಿ ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು. ಬೈಗುಳದ ದನಿಯಲ್ಲ. ಆದರೂ ಕಾಲು ತಾನಾಗೇ ಹಿಂದೆ ಸರಿಯಿತು.

ಬಗ್ಗಿ ಓದಿದೆ. ಅಪ್ಪ, ಅಮ್ಮ, ಮಗಳು, ಮಗ. ಮಗನ ಕಲ್ಲಿನಲ್ಲಿ ಹುಟ್ಟಿದ ವರ್ಷ 1934. ಅದರ ಕೆಳಗೆ, 1943ರಲ್ಲಿ ಗಡೀಪಾರು. ಅದರ ಕೆಳಗೆ, ಆಶ್ವಿಟ್ಜ್‌ನಲ್ಲಿ ಕೊಲೆ. ಲೆಕ್ಕ ಹಾಕೋಕೆ ಕ್ಯಾಲ್ಕ್ಯುಲೇಟರ್ ಬೇಕಿರಲಿಲ್ಲ. ಒಂಬತ್ತು ವರ್ಷ. ನಮ್ಮಲ್ಲಾದರೆ ನಾಲ್ಕನೇ ಕ್ಲಾಸ್.

ಆ ಹುಡುಗನ ಹೆಸರು ಅವನ ಮನೆ ಬಾಗಿಲಲ್ಲೇ ಇರಲಿ ಅಂತ ಇಲ್ಲಿ ಬರೀತಾ ಇಲ್ಲ. ಆದರೆ ಆ ಹೆಸರನ್ನ ಅಲ್ಲಿಗೆ ತಂದು ಕೂರಿಸಿದ ಶಿಲ್ಪಿಯ ಬಗ್ಗೆ ಹೇಳಲೇಬೇಕು.

ಗೆರೆ ಎಳೆಯುತ್ತಿದ್ದ ಕಲಾವಿದ

ಅವರ ಹೆಸರು ಗುಂಟರ್ ಡೆಮ್ನಿಗ್. 1947ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಅಂದರೆ ಯುದ್ಧ ಮುಗಿದು ಎರಡು ವರ್ಷವಾದ ಮೇಲೆ. ಅಪ್ಪ ಅಮ್ಮಂದಿರು ಯುದ್ಧದ ದಿನಗಳ ಬಗ್ಗೆ ಬಾಯಿಬಿಡದ ಮನೆಗಳಲ್ಲಿ ಬೆಳೆದ ತಲೆಮಾರು ಅದು. ಬರ್ಲಿನ್ ಮತ್ತು ಕಾಸೆಲ್‌ನಲ್ಲಿ ಕಲೆ ಓದಿದರು.

ಶಿಲ್ಪಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಉಳಿ, ಸುತ್ತಿಗೆ, ಎತ್ತರದ ಪ್ರತಿಮೆ. ಡೆಮ್ನಿಗ್ ಮಾತ್ರ ಮೊದಲಿನಿಂದಲೂ ನೆಲ ನೋಡಿಕೊಂಡು ನಡೆದವರು. 1980ರ ಆಸುಪಾಸಿನಲ್ಲಿ ಅವರು ಮಾಡುತ್ತಿದ್ದ ಕಲಾಕೃತಿಗಳೆಲ್ಲ ರಸ್ತೆಯ ಮೇಲಿನ ಗೆರೆಗಳೇ. ಕಾಸೆಲ್‌ನಿಂದ ಪ್ಯಾರಿಸ್‌ಗೆ ಒಂದು, ಕಾಸೆಲ್‌ನಿಂದ ಲಂಡನ್‌ಗೆ ಒಂದು, ಕಾಸೆಲ್‌ನಿಂದ ವೆನಿಸ್‌ಗೆ ಇನ್ನೊಂದು. ಊರಿಂದ ಊರಿಗೆ ನಡೆಯುತ್ತಾ ಗುರುತು ಬಿಟ್ಟು ಹೋಗೋದೇ ಅವರ ಕಲೆಯಾಗಿತ್ತು.

1990ರಲ್ಲಿ ಈ ಗೆರೆ ಬೇರೆ ದಿಕ್ಕು ಹಿಡಿಯಿತು. ಐವತ್ತು ವರ್ಷದ ಹಿಂದೆ, 1940ರ ಮೇ ತಿಂಗಳಲ್ಲಿ, ಕೊಲೋನ್ ನಗರದ ಸಾವಿರ ಮಂದಿ ರೋಮಾ ಮತ್ತು ಸಿಂತಿ ಜನರನ್ನು ನಾಜಿಗಳು ಊರು ಬಿಡಿಸಿ ರೈಲು ಹತ್ತಿಸಿದ್ದರು. ಅಲೆಮಾರಿಗಳು ಅಂತ ಯುರೋಪಿನವರು ಶತಮಾನಗಳಿಂದ ದೂರವಿಟ್ಟ ಸಮುದಾಯಗಳು ಇವು. ಇವರ ಮೂಲ ಉತ್ತರ ಭಾರತ, ಸುಮಾರು ಸಾವಿರ ವರ್ಷದ ಹಿಂದೆ ಪಶ್ಚಿಮಕ್ಕೆ ಹೊರಟ ಜನ ಅಂತ ಭಾಷಾತಜ್ಞರು ಹೇಳುತ್ತಾರೆ. ಅವರನ್ನು ನಡೆಸಿಕೊಂಡು ಹೋದ ದಾರಿಯುದ್ದಕ್ಕೂ ಡೆಮ್ನಿಗ್ ಒಂದು ಚಕ್ರದ ಯಂತ್ರ ಉರುಳಿಸುತ್ತಾ, ಬಣ್ಣದಲ್ಲಿ 'ಮೇ 1940 – 1000 ರೋಮಾ ಮತ್ತು ಸಿಂತಿ' ಅನ್ನುವ ಸಾಲನ್ನು ರಸ್ತೆ ಮೇಲೆ ಅಚ್ಚೊತ್ತಿದರು.

ಆ ಗೆರೆಯ ಕೆಲಸದಲ್ಲಿದ್ದಾಗ ವಯಸ್ಸಾದ ಹೆಂಗಸೊಬ್ಬರು ಬಂದು, ನಮ್ಮ ಬೀದಿಯಲ್ಲಿ ಅಂಥ ಜನ ಯಾವತ್ತೂ ಇರಲೇ ಇಲ್ಲ ಅಂದರಂತೆ. ಡೆಮ್ನಿಗ್ ಇದನ್ನ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಆಕೆ ಸುಳ್ಳು ಹೇಳುತ್ತಿರಲಿಲ್ಲ. ತನ್ನ ಅಕ್ಕಪಕ್ಕದ ಮನೆಯವರು ಯಾರು, ಅವರೆಲ್ಲಿ ಹೋದರು ಅನ್ನೋದು ಆಕೆಗೆ ನಿಜವಾಗಲೂ ಗೊತ್ತಿರಲಿಲ್ಲ.

ಡೆಮ್ನಿಗ್ ತಲೆಯಲ್ಲಿ ಕೂತದ್ದು ಇದೇ. ಜನರನ್ನ ಕೊಂದದ್ದು ದೂರದ ಕ್ಯಾಂಪುಗಳಲ್ಲಿರಬಹುದು. ಆದರೆ ಅದು ಶುರುವಾದದ್ದು ಇಲ್ಲಿ, ಈ ಬೀದಿಯ ಈ ಬಾಗಿಲಲ್ಲಿ. ಹಾಗಾದರೆ ಗುರುತೂ ಇಲ್ಲೇ ಇರಬೇಕಲ್ಲವೇ?

ಎಡವುಗಲ್ಲು

1992ರ ಡಿಸೆಂಬರ್ 16ರಂದು ಕೊಲೋನ್ ನಗರಸಭೆ ಕಟ್ಟಡದ ಮುಂದೆ ಡೆಮ್ನಿಗ್ ಮೊದಲ ಕಲ್ಲು ಕೂರಿಸಿದರು. ಸಿಂತಿ ಮತ್ತು ರೋಮಾ ಜನರನ್ನು ಆಶ್ವಿಟ್ಜ್‌ಗೆ ಸಾಗಿಸಿ ಅಂತ ನಾಜಿ ನಾಯಕ ಹಿಮ್ಲರ್ ಹೊರಡಿಸಿದ ಆದೇಶಕ್ಕೆ ಅವತ್ತಿಗೆ ಸರಿಯಾಗಿ ಐವತ್ತು ವರ್ಷ. ಆ ಆದೇಶದ ಸಾಲುಗಳೇ ಆ ಕಲ್ಲಿನ ಮೇಲಿದ್ದವು.

ಆಮೇಲೆ ಬಂದದ್ದು ಒಬ್ಬೊಬ್ಬರ ಹೆಸರಿನ ಕಲ್ಲುಗಳು. ಜರ್ಮನ್ ಭಾಷೆಯಲ್ಲಿ ಅವಕ್ಕೆ 'ಶ್ಟೋಲ್ಪರ್‌ಶ್ಟೈನ್' ಅಂತ ಹೆಸರು. ಕನ್ನಡದಲ್ಲಿ ಹೇಳೋದಾದರೆ ಎಡವುಗಲ್ಲು. ಈ ಹೆಸರಿನ ಹಿಂದೆ ಒಂದು ಕೆಟ್ಟ ಮಾತಿನ ನೆನಪೂ ಇದೆ. ಹಿಂದೆಲ್ಲ ಯಾರಾದರೂ ಕಲ್ಲಿಗೆ ಎಡವಿದರೆ, 'ಇಲ್ಲಿ ಯಾವನೋ ಯಹೂದಿಯನ್ನ ಹೂತಿರಬೇಕು' ಅಂತ ಆಡಿಕೊಳ್ಳುವ ರೂಢಿ ಅಲ್ಲಿತ್ತು. ಆ ಕುಹಕವನ್ನೇ ಶಿಲ್ಪಿ ತಿರುಗಿಸಿ ಇಟ್ಟರು.

ಕಲ್ಲು ನೋಡೋಕೆ ಏನೂ ಅಲ್ಲ. ಹೆಚ್ಚೂ ಕಡಿಮೆ 10 ಸೆಂಟಿಮೀಟರಿನ ಕಾಂಕ್ರೀಟ್ ಘನ, ಅದರ ತಲೆಗೊಂದು ಹಿತ್ತಾಳೆ ತಗಡು. ತಗಡಿನ ಮೇಲೆ ಐದಾರು ಸಾಲು. ಬಹುತೇಕ ಎಲ್ಲವೂ ಶುರುವಾಗೋದು 'ಇಲ್ಲಿ ವಾಸವಿದ್ದರು' ಅಂತ. ಆಮೇಲೆ ಹೆಸರು, ಹುಟ್ಟಿದ ವರ್ಷ, ಬಂಧಿಸಿದ ಅಥವಾ ಸಾಗಿಸಿದ ವರ್ಷ, ಕೊನೆಗೆ ಏನಾಯ್ತು ಅನ್ನೋದು. 'ತೀರಿಕೊಂಡರು' ಅನ್ನುವ ಮೆತ್ತನೆ ಮಾತಿಲ್ಲ. ಕೊಂದಿದ್ದರೆ 'ಕೊಲೆಯಾದರು' ಅಂತಲೇ ಇರುತ್ತೆ.

ಇನ್ನೊಂದು ನಿಯಮ: ಒಬ್ಬರಿಗೆ ಒಂದೇ ಕಲ್ಲು, ಅದೂ ಅವರು ಸ್ವಂತ ಇಚ್ಛೆಯಿಂದ ವಾಸವಿದ್ದ ಕೊನೆಯ ಮನೆಯ ಮುಂದೆ. ಸಾಯಿಸುವ ಮುನ್ನ ನಾಜಿಗಳು ಎಷ್ಟೋ ಕುಟುಂಬಗಳನ್ನ ಮನೆ ಖಾಲಿ ಮಾಡಿಸಿ, ಇಕ್ಕಟ್ಟಾದ ಬೇರೆ ಮನೆಗಳಿಗೆ ತುರುಕಿದ್ದರು. ಆ ವಿಳಾಸ ಲೆಕ್ಕಕ್ಕಿಲ್ಲ. ಅವರೇ ಆರಿಸಿಕೊಂಡ ಮನೆ ಯಾವುದೋ ಅದೇ ಲೆಕ್ಕ.

ಕಲ್ಲುಗಳು ಯಹೂದಿಗಳಿಗೆ ಮಾತ್ರ ಅಲ್ಲ. ರೋಮಾ, ಸಿಂತಿ, ಸಲಿಂಗಿಗಳು, ಯೆಹೋವನ ಸಾಕ್ಷಿಗಳು ಪಂಥದವರು, ಹಿಟ್ಲರನನ್ನು ವಿರೋಧಿಸಿದವರು, 'ಬದುಕೋಕೆ ಯೋಗ್ಯರಲ್ಲ' ಅಂತ ಆಸ್ಪತ್ರೆಗಳಲ್ಲೇ ಕೊಂದ ಅಂಗವಿಕಲರು ಮತ್ತು ಮಾನಸಿಕ ರೋಗಿಗಳು, ಎಲ್ಲರಿಗೂ ಇವೆ. ಓಡಿಹೋಗಿ ಬದುಕುಳಿದವರಿಗೂ ಇವೆ. ಕಾರಣ ಕೇಳಿದರೆ ಮನಸ್ಸು ತುಂಬಿ ಬರುತ್ತೆ. ಮಗಳನ್ನ ಹೇಗೋ ಹಡಗು ಹತ್ತಿಸಿ ಕಳಿಸಿದ ಅಪ್ಪ ಅಮ್ಮ ಕ್ಯಾಂಪಿನಲ್ಲಿ ಸತ್ತಿರುತ್ತಾರೆ, ಮಗಳು ಇನ್ನೊಂದು ದೇಶದಲ್ಲಿ ಮುದುಕಿಯಾಗಿ ತೀರಿಕೊಂಡಿರುತ್ತಾಳೆ. ಕಲ್ಲುಗಳಲ್ಲಾದರೂ ಆ ಕುಟುಂಬ ಮತ್ತೆ ಒಂದೇ ಬಾಗಿಲ ಮುಂದೆ ಒಟ್ಟಿಗಿರಲಿ ಅಂತ.

ಶುರುವಿನಲ್ಲಿ ಇದಕ್ಕೆ ಸರ್ಕಾರಿ ಬೆಂಬಲವೇನೂ ಇರಲಿಲ್ಲ. 1996ರಲ್ಲಿ ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯಲ್ಲಿ ಐವತ್ತರಷ್ಟು ಕಲ್ಲುಗಳನ್ನ ಡೆಮ್ನಿಗ್ ಅನುಮತಿಯಿಲ್ಲದೇ ಹಾಕಿಬಿಟ್ಟರು. ಒಪ್ಪಿಗೆ ಬಂದದ್ದು ಆಮೇಲೆ. ಇವತ್ತು ಬರ್ಲಿನ್ ಒಂದರಲ್ಲೇ 10 ಸಾವಿರಕ್ಕೂ ಹೆಚ್ಚು ಕಲ್ಲುಗಳಿವೆ. ಆಸ್ಟ್ರಿಯಾ, ನೆದರ್‌ಲೆಂಡ್ಸ್, ಇಟಲಿ, ಹಂಗರಿ ಅಂತ ಯುರೋಪಿನ ಉದ್ದಗಲಕ್ಕೂ ಹರಡಿವೆ. 2022ರಲ್ಲಿ ಲಂಡನ್ನಿನಲ್ಲೂ ಒಂದು ಕೂತಿತು. 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ, ನಾಜಿಗಳು ಕೊಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಹೆಸರಲ್ಲಿ 1 ಲಕ್ಷನೇ ಕಲ್ಲು ಬಿತ್ತು.

ಹೆಸರು ಸಿಗೋದು ಎಲ್ಲಿಂದ?

ಸಾಫ್ಟ್‌ವೇರ್ ಕೆಲಸ ಮಾಡೋ ನನಗೆ ಮೊದಲು ಹುಟ್ಟಿದ ಪ್ರಶ್ನೆ ಇದು. ಎಂಬತ್ತು ವರ್ಷದ ಹಿಂದೆ ಈ ಮನೆಯಲ್ಲಿ ಯಾರಿದ್ದರು ಅಂತ ಇವರಿಗೆ ಹೇಗೆ ಗೊತ್ತಾಯ್ತು? ಡೇಟಾ ಎಲ್ಲಿಂದ ಬಂತು?

ಉತ್ತರ ಕೇಳಿ ಮೈ ಝುಂ ಅಂತು. ಡೇಟಾ ಬಹುಪಾಲು ಬಂದದ್ದು ಕೊಂದವರ ಕಡತಗಳಿಂದಲೇ.

1939ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಜನಗಣತಿ ನಡೆಯಿತು. ಪ್ರತಿ ಮನೆಯವರೂ ಒಂದು ಹೆಚ್ಚುವರಿ ಕಾರ್ಡಿನಲ್ಲಿ, ತಮ್ಮ ಅಜ್ಜ ಅಜ್ಜಿಯರಲ್ಲಿ ಯಹೂದಿಗಳು ಯಾರ್‍ಯಾರು ಅಂತ ತುಂಬಬೇಕಿತ್ತು. ಗಣತಿಯ ಲೆಕ್ಕ ಮಾಡಿದ್ದು ಆ ಕಾಲದ ಅತ್ಯಾಧುನಿಕ ತಂತ್ರಜ್ಞಾನ, ಪಂಚ್ ಕಾರ್ಡ್ ಯಂತ್ರಗಳು. ನಮ್ಮ ಕಂಪ್ಯೂಟರುಗಳ ಅಜ್ಜ ಅಂತಲೇ ಹೇಳಬಹುದು.

ಇನ್ನೊಂದು ದಾಖಲೆ ಅದಕ್ಕಿಂತ ಭಯಂಕರ. ಬರ್ಲಿನ್‌ನಿಂದ ಸಾಗಿಸುವ ಮುನ್ನ ಪ್ರತಿಯೊಬ್ಬರಿಗೂ 16 ಪುಟಗಳ ಒಂದು ಫಾರಂ ಕೊಡುತ್ತಿದ್ದರು. ಆಸ್ತಿ ವಿವರದ ಫಾರಂ. ಬ್ಯಾಂಕಿನಲ್ಲಿ ಎಷ್ಟಿದೆ ಅನ್ನೋದರಿಂದ ಹಿಡಿದು ಮನೆಯಲ್ಲಿ ಕುರ್ಚಿ ಎಷ್ಟು, ಹಾಸಿಗೆ ಹೊದಿಕೆ ಎಷ್ಟು, ಅಂಗಿ ಎಷ್ಟು ಅನ್ನೋ ತನಕ ಬರೆದು ಸಹಿ ಮಾಡಬೇಕು. ಜನ ರೈಲು ಹತ್ತಿದ ಮೇಲೆ ಆಸ್ತಿ ಸರ್ಕಾರದ್ದು, ಸಾಮಾನು ಹರಾಜಿಗೆ. ಪಾಟ್ಸ್‌ಡ್ಯಾಮ್‌ನ ಪತ್ರಾಗಾರದಲ್ಲಿ ಆ ಫಾರಂಗಳು ಇವತ್ತಿಗೂ ಇವೆ. ಬಾಡ್ ಆರೋಲ್ಸೆನ್ ಅನ್ನುವ ಪುಟ್ಟ ಊರಿನಲ್ಲಿರುವ ಆರೋಲ್ಸೆನ್ ಪತ್ರಾಗಾರದಲ್ಲಂತೂ ನಾಜಿ ಕಾಲದ ಸಂತ್ರಸ್ತರಲ್ಲಿ ಸುಮಾರು 1 ಕೋಟಿ 75 ಲಕ್ಷ ಜನರ ಬಗ್ಗೆ ಮಾಹಿತಿ ಇದೆ. ಬಹಳಷ್ಟನ್ನ ಆನ್‌ಲೈನ್‌ನಲ್ಲೇ ಹುಡುಕಬಹುದು.

ಕಲ್ಲು ಬೇಕು ಅನ್ನುವವರು ಈ ಕಡತಗಳನ್ನ ಕೆದಕುತ್ತಾರೆ. ಕೆಲವು ಸಲ ಸತ್ತವರ ಮೊಮ್ಮಕ್ಕಳು, ಕೆಲವು ಸಲ ಹೈಸ್ಕೂಲ್ ಮಕ್ಕಳ ಒಂದು ಕ್ಲಾಸು, ಎಷ್ಟೋ ಸಲ ಆ ಮನೆಯಲ್ಲಿ ಈಗ ಇರುವವರು. ವಿವರ ತಾಳೆ ನೋಡಬೇಕು, ಸಂಬಂಧಿಕರು ಎಲ್ಲಾದರೂ ಇದ್ದರೆ ಪತ್ತೆ ಮಾಡಿ ತಿಳಿಸಬೇಕು, ಕಲ್ಲಿನ ಖರ್ಚು ಹೊಂದಿಸಬೇಕು. ಬಹಳ ವರ್ಷ ಒಂದು ಕಲ್ಲಿಗೆ 120 ಯೂರೋ ಇತ್ತು.

ನಮ್ಮ ಕಟ್ಟಡದ ಕಲ್ಲುಗಳ ಹಿಂದೆಯೂ ಹೀಗೇ ಒಂದು ಕಥೆ ಇತ್ತು. ಅಜ್ಜಿ ಮತ್ತು ಪಕ್ಕದ ಕಟ್ಟಡದ ಇಬ್ಬರು ಸೇರಿ ಒಂದೂವರೆ ವರ್ಷ ಓಡಾಡಿದ್ದರಂತೆ. ಆ ಫಾರಂನ ನಕಲು ಅವರ ಹತ್ತಿರ ಇತ್ತು. ಚಹಾಕ್ಕೆ ಕರೆದಾಗ ತೋರಿಸಿದರು. ಅಪ್ಪನ ದುಂಡು ಅಕ್ಷರ. ಮಕ್ಕಳ ಮಂಚ ಎರಡು ಅಂತ ಬರೆದಿತ್ತು. ಮನೆ ಎಲ್ಲಿ ಅನ್ನುವ ಜಾಗದಲ್ಲಿ, ಮೂರನೇ ಮಹಡಿ, ಎಡಗಡೆ.

ನಾನಿದ್ದದ್ದು ಎರಡನೇ ಮಹಡಿ, ಎಡಗಡೆ. ಅವತ್ತು ರಾತ್ರಿ ಮೇಲಿನ ಮನೆಯವರು ಕುರ್ಚಿ ಎಳೆದ ಸದ್ದಿಗೆ ಎಚ್ಚರವಾಗಿ, ಬಹಳ ಹೊತ್ತು ನಿದ್ದೆ ಬರಲಿಲ್ಲ.

ಯಂತ್ರಕ್ಕೆ ಕೊಡೋದಿಲ್ಲ

ಕಲ್ಲುಗಳಿಗೆ ಬೇಡಿಕೆ ಹೆಚ್ಚಾದಾಗ ಡೆಮ್ನಿಗ್ ಒಬ್ಬರಿಂದಲೇ ಎಲ್ಲ ಮಾಡೋದು ಆಗದ ಮಾತಾಯ್ತು. 2005ರಿಂದ ತಗಡಿನ ಮೇಲೆ ಅಕ್ಷರ ಮೂಡಿಸುವ ಕೆಲಸ ಮಿಖಾಯೆಲ್ ಫ್ರೀಡ್ರಿಕ್ಸ್ ಫ್ರೀಡ್‌ಲೆಂಡರ್ ಅನ್ನುವ ಇನ್ನೊಬ್ಬ ಶಿಲ್ಪಿಯದ್ದು. ಬರ್ಲಿನ್‌ನ ಒಂದು ವರ್ಕ್‌ಶಾಪಿನಲ್ಲಿ ಕೂತು, ಅಕ್ಷರದ ಅಚ್ಚನ್ನ ಹಿತ್ತಾಳೆಯ ಮೇಲಿಟ್ಟು ಸುತ್ತಿಗೆಯಿಂದ ಒಂದೊಂದೇ ಅಕ್ಷರ ಹೊಡೆಯುತ್ತಾರೆ. ಕಂಪ್ಯೂಟರಿಗೆ ಫೈಲ್ ಕೊಟ್ಟರೆ ಲೇಸರ್ ಯಂತ್ರ ಒಂದು ದಿನಕ್ಕೆ ನೂರಾರು ತಗಡು ಕೊರೆದು ಕೊಡುತ್ತೆ. ಬೇಡ ಅಂದರು. ಕೊಂದದ್ದು ಕಾರ್ಖಾನೆ ಮಾದರಿಯಲ್ಲಿ, ಯಂತ್ರದ ಹಾಗೆ. ನೆನಪನ್ನೂ ಅದೇ ಥರ ತಯಾರಿಸಬಾರದು ಅನ್ನೋದು ಅವರಿಬ್ಬರ ಪಟ್ಟು.

ನನ್ನ ಕಸುಬಿನ ಬುದ್ಧಿಗೆ ಇದು ಮೊದಲು ಒಪ್ಪಲಿಲ್ಲ. ನಮ್ಮ ಮೀಟಿಂಗುಗಳಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು 'ಸ್ಕೇಲ್'. ಹತ್ತು ಜನಕ್ಕೆ ಮಾಡಿದ್ದು ಹತ್ತು ಲಕ್ಷ ಜನಕ್ಕೂ ನಡೆಯಬೇಕು, ಇಲ್ಲದಿದ್ದರೆ ಅದು ಕೆಲಸಕ್ಕೆ ಬಾರದ್ದು. ಆ ಲೆಕ್ಕದಲ್ಲಿ ನೋಡಿ: ನಾಜಿಗಳು ಕೊಂದ ಯಹೂದಿಗಳೇ ಸುಮಾರು 60 ಲಕ್ಷ. ಮೂವತ್ತು ವರ್ಷಕ್ಕೆ ಬಿದ್ದ ಕಲ್ಲು 1 ಲಕ್ಷ. ಇದೇ ವೇಗದಲ್ಲಿ ಹೋದರೆ ಎಲ್ಲರಿಗೂ ಕಲ್ಲು ಹಾಕೋಕೆ 1,800 ವರ್ಷ ಬೇಕು. ಯಾವ ಮ್ಯಾನೇಜರ್ ಎದುರಿಗಿಟ್ಟರೂ ಆ ಪ್ರಾಜೆಕ್ಟ್ ಅಲ್ಲೇ ಬಂದ್.

ಆದರೆ ಆ 1,800 ಅನ್ನೋ ಸಂಖ್ಯೆಯನ್ನ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡಾಗಲೇ ನನಗೆ 60 ಲಕ್ಷ ಅಂದರೆ ಎಷ್ಟು ಅಂತ ತಿಳಿದದ್ದು. ಶಾಲೆಯ ಪುಸ್ತಕದಲ್ಲಿ ಆ ಅಂಕಿ ಓದಿದ್ದೆ, ಎರಡು ಮಾರ್ಕಿನ ಪ್ರಶ್ನೆಗೆ ಬರೆದೂ ಇದ್ದೆ. ಒಬ್ಬೊಬ್ಬರಿಗೆ ಒಂದೊಂದು ಕಲ್ಲು, ಒಂದೊಂದು ಅಕ್ಷರಕ್ಕೂ ಸುತ್ತಿಗೆ ಏಟು ಅಂತ ಎಣಿಸಿದಾಗ ಅದು ಮುಗಿಯೋದೇ ಇಲ್ಲ. ಎಲ್ಲವನ್ನೂ ಯಂತ್ರದಲ್ಲಿ ಒಂದೇ ವರ್ಷಕ್ಕೆ ಮುಗಿಸಿಬಿಟ್ಟಿದ್ದರೆ ನಾವು 'ಸರಿ, ಆಯ್ತು' ಅಂತ ಕೈತೊಳೆದುಕೊಳ್ಳುತ್ತಿದ್ದೆವೇನೋ.

ಬರ್ಲಿನ್ ನಗರದ ಮಧ್ಯದಲ್ಲಿ, 2005ರಲ್ಲಿ ತೆರೆದ ದೊಡ್ಡ ಸ್ಮಾರಕವೂ ಇದೆ. ಪೀಟರ್ ಐಸೆನ್‌ಮನ್ ಅನ್ನುವ ವಾಸ್ತುಶಿಲ್ಪಿಯ ವಿನ್ಯಾಸ. 2,711 ಬೂದು ಕಾಂಕ್ರೀಟ್ ದಿಮ್ಮಿಗಳು, ಅವುಗಳ ಮೇಲೆ ಒಂದೂ ಹೆಸರಿಲ್ಲ. ಒಳಗೆ ನಡೆದರೆ ದಾರಿ ತಪ್ಪಿದ ಹಾಗೆ, ಉಸಿರು ಕಟ್ಟಿದ ಹಾಗೆ ಆಗುತ್ತೆ. ಅದರ ಶಕ್ತಿ ಬೇರೆ. ಆದರೆ ಅಲ್ಲಿಗೆ ನಾವು ಟಿಕೆಟ್ ಇಲ್ಲದ ಪ್ರವಾಸಿಗಳಾಗಿ ಹೋಗುತ್ತೇವೆ, ಫೋಟೊ ತೆಗೆದು ವಾಪಸ್ ಬರುತ್ತೇವೆ. ಎಡವುಗಲ್ಲು ಹಾಗಲ್ಲ. ಹಾಲು ತರೋಕೆ ಹೋದಾಗ, ಕಸ ಹಾಕೋಕೆ ಇಳಿದಾಗ ಅದೇ ನಮ್ಮ ಕಾಲ ಬುಡಕ್ಕೆ ಬರುತ್ತೆ.

ಹೆಸರನ್ನ ತುಳಿಯಬಹುದಾ?

ಈ ಪ್ರಶ್ನೆ ನಿಮಗೆ ಆಗಲೇ ಬಂದಿರುತ್ತೆ. ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳೋ ನಮಗೆ, ಸತ್ತವರ ಹೆಸರನ್ನ ಫುಟ್‌ಪಾತಿನಲ್ಲಿ ಹಾಕೋದು ಅಂದರೆ ಒಂಥರಾ ಕಸಿವಿಸಿ. ಶೂ ಹಾಕಿದ ಕಾಲು, ಸೈಕಲ್ ಚಕ್ರ, ನಾಯಿಗಳು ಎಲ್ಲ ಅದರ ಮೇಲೇ.

ನಾವಷ್ಟೇ ಅಲ್ಲ, ಜರ್ಮನಿಯಲ್ಲೂ ಇದನ್ನ ಕೇಳಿದವರಿದ್ದಾರೆ. ಕೇಳಿದವರಲ್ಲಿ ಮುಖ್ಯರು ಶಾರ್ಲೊಟ್ ಕ್ನೋಬ್ಲೋಖ್. ಮ್ಯೂನಿಕ್‌ನ ಯಹೂದಿ ಸಮುದಾಯದ ಮುಖ್ಯಸ್ಥೆ. 1932ರಲ್ಲಿ ಹುಟ್ಟಿದ ಅವರು ಬಾಲಕಿಯಾಗಿದ್ದಾಗ ಹಳ್ಳಿಯೊಂದರ ರೈತರ ಮನೆಯಲ್ಲಿ ಅಡಗಿದ್ದು ಜೀವ ಉಳಿಸಿಕೊಂಡವರು. ಬದುಕಿದ್ದಾಗ ಬೂಟುಗಾಲಿನಲ್ಲಿ ತುಳಿಸಿಕೊಂಡ ಜನರನ್ನ ಸತ್ತ ಮೇಲೂ ತುಳಿಯೋದು ಬೇಡ ಅನ್ನೋದು ಅವರ ವಾದ. ಮ್ಯೂನಿಕ್ ನಗರಸಭೆ 2004ರಲ್ಲಿ, ಮತ್ತೆ 2015ರಲ್ಲಿ, ಸಾರ್ವಜನಿಕ ಜಾಗದಲ್ಲಿ ಈ ಕಲ್ಲುಗಳು ಬೇಡ ಅಂತ ತೀರ್ಮಾನಿಸಿತು. ಆಗಲೇ ಹಾಕಿದ್ದ ಎರಡು ಕಲ್ಲುಗಳನ್ನ ಕಿತ್ತು ತೆಗೆಯಿತು. 2018ರಿಂದ ಅಲ್ಲಿ ಗೋಡೆಯ ಮೇಲೆ ಅಥವಾ ಕಂಬದ ಮೇಲೆ, ಕಣ್ಣಿನ ಮಟ್ಟಕ್ಕೆ ಹೆಸರಿನ ಫಲಕ ಹಾಕುವ ಕ್ರಮ ಬಂತು.

ಡೆಮ್ನಿಗ್ ಕಡೆಯವರ ಉತ್ತರ ಬೇರೆ. ಓದಬೇಕಾದರೆ ನೀವು ತಲೆ ಬಗ್ಗಿಸಲೇಬೇಕು, ಅದೇ ನಮಸ್ಕಾರ. ಜನರ ಕಾಲು ಸೋಕಿದಷ್ಟೂ ಹಿತ್ತಾಳೆ ಹೊಳೆಯುತ್ತೆ, ಯಾರೂ ಓಡಾಡದ ಕಡೆ ಕಪ್ಪಾಗುತ್ತೆ. ನಿಜವಾಗಿ ಜನ ಎಡವಿ ಬೀಳುತ್ತಾರಾ ಅಂತ ಯಾರೋ ಕೇಳಿದಾಗ ಶಾಲೆ ಹುಡುಗನೊಬ್ಬ, ಕಾಲಲ್ಲಿ ಅಲ್ಲ, ತಲೆಯಲ್ಲಿ ಮತ್ತು ಹೃದಯದಲ್ಲಿ ಎಡವೋದು ಅಂದನಂತೆ. ಅದನ್ನ ಡೆಮ್ನಿಗ್ ಈಗಲೂ ನೆನೆಸಿಕೊಳ್ಳುತ್ತಾರೆ.

ನನಗೆ ನೆನಪಾದದ್ದು ನಮ್ಮ ಹಳೇ ದೇವಸ್ಥಾನಗಳು. ಕೆಲವು ಕಡೆ ನೆಲದ ಚಪ್ಪಡಿಯ ಮೇಲೆ ಸಾಷ್ಟಾಂಗ ಬಿದ್ದ ಭಕ್ತರ ಆಕೃತಿ ಇರುತ್ತಲ್ಲ, ಅವು. ದೇವರ ದರ್ಶನಕ್ಕೆ ಬರುವವರ ಪಾದ ಸದಾ ತಮ್ಮ ಮೇಲೆ ಬೀಳಲಿ ಅನ್ನುವ ಆಸೆ. ಹಾಗಾದರೆ ತುಳಿಯೋದೆಲ್ಲ ಅವಮಾನವೇನಲ್ಲ ಅಂತ ಸಮಾಧಾನ ಮಾಡಿಕೊಳ್ಳೋಕೆ ಹೊರಟೆ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಕಾಲಡಿ ಮಲಗಿದವರು ತಾವಾಗೇ ಬಯಸಿ ಮಲಗಿದವರು. ಆ ಒಂಬತ್ತು ವರ್ಷದ ಹುಡುಗನನ್ನ ಯಾರೂ ಕೇಳಿಲ್ಲ. ಕೇಳೋಕೆ ಆಗೋದೂ ಇಲ್ಲ. ಹಾಗಾಗಿ ಕ್ನೋಬ್ಲೋಖ್ ಅವರ ಮಾತನ್ನ ತಳ್ಳಿಹಾಕೋಕೆ ನನಗೆ ಧೈರ್ಯ ಸಾಲದು. ಎರಡು ವಾರ ಗೋಡೆಯ ಫಲಕವನ್ನಾದರೂ ಓದದೇ ಹೋಗುತ್ತಿದ್ದೆನಾ? ಬಹುಶಃ ಅದನ್ನೂ ಓದುತ್ತಿರಲಿಲ್ಲ, ಕಣ್ಣು ಮೊಬೈಲಿನಲ್ಲಿತ್ತು. ತಪ್ಪು ಕಲ್ಲಿನದಲ್ಲ.

ಬೇರೆ ತಕರಾರುಗಳೂ ಇವೆ. ಕೆಲವು ಕಲ್ಲುಗಳ ಮೇಲೆ ನಾಜಿ ಕೋರ್ಟುಗಳು ಹಚ್ಚಿದ ಹಣೆಪಟ್ಟಿಯನ್ನೇ, 'ರೂಢಿಗತ ಅಪರಾಧಿ' ಅನ್ನುವಂಥ ಪದಗಳನ್ನ, ಬರೆಯಲಾಗಿತ್ತು. ಅದು ಕೊಂದವರ ಭಾಷೆ, ನಮ್ಮವರ ಮೇಲೆ ಮತ್ತೆ ಅದನ್ನೇ ಹಚ್ಚಬೇಡಿ ಅಂತ ಸಂಬಂಧಿಕರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ ಅಂತ ನನಗನ್ನಿಸುತ್ತೆ. ಐದಾರು ಸಾಲಿನಲ್ಲಿ ಒಂದು ಬದುಕು ಹೇಳೋವಾಗ ಒಂದು ಪದ ತಪ್ಪಿದರೂ ಅದು ಹಿತ್ತಾಳೆಯಲ್ಲಿ ಕೂತುಬಿಡುತ್ತೆ.

ಇನ್ನು ಕಲ್ಲುಗಳನ್ನ ಇಷ್ಟಪಡದ ಬೇರೆ ಥರದ ಜನರೂ ಇದ್ದಾರೆ. 2012ರ ನವೆಂಬರ್ 9ರಂದು, ಗ್ರೈಫ್ಸ್‌ವಾಲ್ಡ್ ಅನ್ನುವ ಊರಿನಲ್ಲಿದ್ದ ಹನ್ನೊಂದಕ್ಕೆ ಹನ್ನೊಂದು ಕಲ್ಲುಗಳೂ ಕಾಣೆಯಾದವು. ರಾತ್ರೋರಾತ್ರಿ ಕಿತ್ತುಕೊಂಡು ಹೋಗಿದ್ದರು. ತಾರೀಖು ಗಮನಿಸಿ. 1938ರ ಅದೇ ನವೆಂಬರ್ 9ರ ರಾತ್ರಿ ಜರ್ಮನಿಯಾದ್ಯಂತ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟು, ಅಂಗಡಿಗಳನ್ನ ಒಡೆದಿದ್ದರು. ಕದ್ದವರಿಗೆ ಇತಿಹಾಸ ಚೆನ್ನಾಗೇ ಗೊತ್ತಿತ್ತು. ಆಮೇಲೆ ಅಲ್ಲಿಗೆ ಹೊಸ ಕಲ್ಲುಗಳು ಬಂದವು. ಅಜ್ಜಿ ಪಾಲಿಶ್ ಡಬ್ಬಿ ಹಿಡಿದು ಅದೇ ದಿನ ಇಳಿಯೋದು ಯಾಕೆ ಅಂತ ನನಗೆ ಆಗ ಅರ್ಥವಾಯ್ತು.

ನೀವು ಹೋದರೆ

ನಮ್ಮಲ್ಲಿ ಎಷ್ಟೋ ಜನ ಈಗ ಓದೋಕೆ, ಕೆಲಸಕ್ಕೆ ಅಂತ ಜರ್ಮನಿಗೆ ಹೋಗ್ತಾ ಇದ್ದೇವೆ. ಬರ್ಲಿನ್, ಹ್ಯಾಂಬರ್ಗ್, ಕೊಲೋನ್, ಎಲ್ಲೇ ಮನೆ ಸಿಕ್ಕರೂ ಮೊದಲ ವಾರದಲ್ಲೇ ಬಾಗಿಲ ಮುಂದಿನ ನೆಲ ಒಂದು ಸಲ ನೋಡಿ. ಹೆಸರು ಕಂಡರೆ ಹುಡುಕೋದು ಸುಲಭ. ಬರ್ಲಿನ್ ಮತ್ತು ಹ್ಯಾಂಬರ್ಗ್‌ನ ಕಲ್ಲುಗಳಿಗೆ ಪ್ರತ್ಯೇಕ ವೆಬ್‌ಸೈಟುಗಳಿವೆ. ಕೊಲೋನ್ ಇರುವ ನಾರ್ತ್ ರೈನ್ ವೆಸ್ಟ್‌ಫೇಲಿಯಾ ರಾಜ್ಯದ ಕಲ್ಲುಗಳಿಗಾಗಿ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2022ರಲ್ಲಿ ಒಂದು ಆ್ಯಪ್ ಕೂಡ ತಂದಿದೆ. ಕಲ್ಲಿನ ಮೇಲೆ ಐದಾರು ಸಾಲಿದ್ದರೆ, ಅಲ್ಲಿ ಕೆಲವರದ್ದು ಪೂರ್ತಿ ಕಥೆಯೇ ಸಿಗುತ್ತೆ. ನವೆಂಬರ್ 9 ಮತ್ತು ಆಶ್ವಿಟ್ಜ್ ಬಿಡುಗಡೆಯಾದ ಜನವರಿ 27, ಈ ಎರಡು ದಿನ ಜನ ಕಲ್ಲು ಉಜ್ಜೋದು ಕಂಡರೆ ಒಂದು ಬಟ್ಟೆ ಹಿಡಿದು ಸೇರಿಕೊಳ್ಳಿ. ಭಾಷೆ ಬರಬೇಕಾಗಿಲ್ಲ.

ನಾನು ಬರ್ಲಿನ್ ಬಿಟ್ಟದ್ದು ಜನವರಿ ಕೊನೆಗೆ. 27ರ ಬೆಳಿಗ್ಗೆ ಅಜ್ಜಿಗೆ ಮಂಡಿ ನೋವು, ಕೆಳಗೆ ಕೂರೋಕೆ ಆಗುತ್ತಿರಲಿಲ್ಲ. ಡಬ್ಬಿ, ಬಟ್ಟೆ ನನ್ನ ಕೈಗೆ ಕೊಟ್ಟು ಬಾಗಿಲಿಗೆ ಒರಗಿ ನಿಂತರು. ಮೈ ಕೊರೆಯೋ ಚಳಿ. ಅಪ್ಪ, ಅಮ್ಮ, ಮಗಳು, ಕೊನೆಗೆ ಮಗ. ಸುತ್ತಿಗೆಯಿಂದ ಹೊಡೆದ ಅಕ್ಷರಗಳು ಒಂದೇ ಆಳಕ್ಕೆ ಇರೋದಿಲ್ಲ, ಬೆರಳಿಗೆ ಏರಿಳಿತ ಸಿಗುತ್ತೆ. ಹೆಸರಿನ ಮೊದಲ ಅಕ್ಷರದೊಳಗೆ ಸೇರಿಕೊಂಡಿದ್ದ ಮಣ್ಣನ್ನ ಉಗುರಲ್ಲಿ ತೆಗೆದೆ.

"ಹೆಸರು ಗಟ್ಟಿಯಾಗಿ ಓದಿ, ನಾವು ಹಾಗೇ ಮಾಡೋದು" ಅಂದರು ಅಜ್ಜಿ.

ಓದಿದೆ. ನನ್ನ ಉಚ್ಚಾರ ತಪ್ಪಾಗಿತ್ತು. ಅವರು ತಿದ್ದಿದರು. ಮತ್ತೊಂದು ಸಲ ಸರಿಯಾಗಿ ಹೇಳಿದೆ.